ಗಜನೂರಿನಿಂದ ಕೂಡ್ಲಿವರೆಗೆ ತುಂಗೆಯ ನೆರೆ ಮಾದರಿ: ನೀರು ತೋಟಕ್ಕೆ ಹತ್ತಿದ ಕೂಡಲೇ ಲೆಕ್ಕ ಸಿಡಿಯುತ್ತಿದೆ (ಚರ್ಚಾವೇದಿಕೆಯ ಪ್ರಶ್ನೋತ್ತರ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹೊಳೆಬದಿ

ಗಜನೂರು ಅಣೆಕಟ್ಟಿನ ಕೆಳಗಿನಿಂದ ಕೂಡ್ಲಿ ಸಂಗಮದವರೆಗೆ ತುಂಗೆಯ ನೆರೆಗೆ ಎರಡು ಆಯಾಮದ ಮಾದರಿ ಕಟ್ಟುತ್ತಿದ್ದೇನೆ. ಸಮೀಕರಣ ಆಳವಿಲ್ಲದ ನೀರಿನದು, ಅಂದರೆ ಸೇಂಟ್ ವೆನಾಂಟ್ 1871ರಲ್ಲಿ ಕೊಟ್ಟದ್ದರ ಎರಡು ಆಯಾಮದ ರೂಪ. ಪರಿಹಾರಕ್ಕೆ ಫೈನೈಟ್ ವಾಲ್ಯೂಮ್ ವಿಧಾನ (ಜಾಗವನ್ನು ಸಣ್ಣ ಚೌಕಗಳಾಗಿ, ಅಂದರೆ ಸೆಲ್‌ಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಬಂದು ಹೋಗುವ ನೀರಿನ ಲೆಕ್ಕ ಇಡುವುದು), ಕೋಡ್ ಪೈಥಾನ್‌ನಲ್ಲಿ ಸ್ವಂತವಾಗಿ ಬರೆದದ್ದು. ನೆಲದ ಎತ್ತರಕ್ಕೆ ಯುರೋಪಿನ ಕೋಪರ್ನಿಕಸ್ ಯೋಜನೆಯ 30 ಮೀಟರ್ ಡಿಇಎಂ, ಅಂದರೆ ನೆಲದ ಎತ್ತರದ ಡಿಜಿಟಲ್ ನಕ್ಷೆ. ಮೇಲ್ತುದಿಯಲ್ಲಿ ಅಣೆಕಟ್ಟಿನ ಹೊರಹರಿವು, ಕೂಡ್ಲಿಯಲ್ಲಿ ಸ್ಥಿರ ನೀರಿನ ಮಟ್ಟ. ಮ್ಯಾನಿಂಗ್ ಒರಟುತನ (ನೆಲ ನೀರನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ) ಎಲ್ಲ ಕಡೆ 0.035.

ತೊಂದರೆಗಳು ಇವು:

ನೀರು ದಂಡೆ ಮೀರಿ ತೆಳ್ಳಗೆ ಹರಡಿದ ಕೂಡಲೇ ಕೆಲವು ಸೆಲ್‌ಗಳಲ್ಲಿ ವೇಗ ಸೆಕೆಂಡಿಗೆ 80-100 ಮೀಟರ್ ಆಗಿ ಲೆಕ್ಕ ನಿಂತುಬಿಡುತ್ತದೆ.

ಪ್ರತಿ ಮಳೆಗಾಲ ಬರುವ ಸಾಮಾನ್ಯ ಹರಿವು ಕೊಟ್ಟರೂ ಮಾದರಿಯಲ್ಲಿ ಶಿವಮೊಗ್ಗ ನಗರ ಮುಳುಗುತ್ತದೆ.

ಹೊಳೆ ಪಕ್ಕದ ಅಡಿಕೆ ತೋಟಗಳು ಮಾತ್ರ ಎಷ್ಟು ನೀರು ಕೊಟ್ಟರೂ ಒಣಗಿಯೇ ಇರುತ್ತವೆ. ನಿಜದಲ್ಲಿ ಮೊದಲು ನೀರು ನಿಲ್ಲುವುದೇ ಅಲ್ಲಿ.

10 ಮೀಟರ್ ಗ್ರಿಡ್‌ಗೆ ಹೋದರೆ ಸರಿಯಾಗುತ್ತದೆಯೇ? ಭೂಮಿಯ ಭ್ರಮಣೆಯ ಕೊರಿಯೊಲಿಸ್ ಬಲವನ್ನೂ ಸೇರಿಸಬೇಕೇ?

ಅಂತರಕಲನ

10 ಮೀಟರ್‌ಗೆ ಈಗಲೇ ಹೋಗಬೇಡಿ. ಸೆಲ್‌ಗಳು 9 ಪಟ್ಟಾಗುತ್ತವೆ, ಟೈಮ್‌ಸ್ಟೆಪ್ (ಲೆಕ್ಕ ಒಂದು ಹೆಜ್ಜೆಗೆ ಮುಂದುವರಿಯುವ ಸಮಯ) ಮೂರನೇ ಒಂದಕ್ಕೆ ಇಳಿಯುತ್ತದೆ, ಒಟ್ಟು ಕೆಲಸ 27 ಪಟ್ಟು. 30 ಮೀಟರ್ ಡಿಇಎಂ ಅನ್ನು ಒಡೆದು 10 ಮಾಡಿದರೆ ನೆಲದ ಬಗ್ಗೆ ಹೊಸ ಮಾಹಿತಿ ಏನೂ ಸೇರುವುದಿಲ್ಲ.

ಮೊದಲು ಸಿಡಿಯುವ ವಿಷಯ. ಟೈಮ್‌ಸ್ಟೆಪ್ ಎಷ್ಟಿದೆ ಅಂತ ನೀವು ಬರೆದಿಲ್ಲ. 6 ಮೀಟರ್ ಆಳದಲ್ಲಿ ಅಲೆಯ ವೇಗ √(9.81 × 6), ಅಂದರೆ 7.7 ಮೀ/ಸೆ. ಹರಿವಿನ ವೇಗ 2 ಸೇರಿಸಿದರೆ 9.7. 30 ಮೀಟರ್ ಸೆಲ್ ದಾಟಲು 3.1 ಸೆಕೆಂಡ್ ಬೇಕು. ಕೌರಂಟ್, ಫ್ರೆಡ್ರಿಕ್ಸ್, ಲೆವಿ 1928ರಲ್ಲಿ ಹೇಳಿದ ಮಿತಿ (ಸಿಎಫ್‌ಎಲ್) ಇದೇ: ಒಂದು ಹೆಜ್ಜೆಯಲ್ಲಿ ಅಲೆ ಒಂದು ಸೆಲ್‌ಗಿಂತ ಹೆಚ್ಚು ದಾಟಬಾರದು. ಎರಡು ಆಯಾಮಕ್ಕೆ ಅದರ ಅರ್ಧ ಇಟ್ಟುಕೊಂಡು 1.5 ಸೆಕೆಂಡಿನಲ್ಲಿ ನಡೆಸಿ. ಸ್ಥಿರ ಟೈಮ್‌ಸ್ಟೆಪ್ ಬೇಡ, ಪ್ರತಿ ಹೆಜ್ಜೆಗೂ ಅತಿ ವೇಗದ ಸೆಲ್ ನೋಡಿ ಹೊಸದಾಗಿ ಲೆಕ್ಕ ಹಾಕಿ.

ಆದರೆ ನಿಮ್ಮ ಲಕ್ಷಣ ನೋಡಿದರೆ ಕಾರಣ ಅದಲ್ಲ, ಘರ್ಷಣೆಯ ಪದ. ಮ್ಯಾನಿಂಗ್ ಘರ್ಷಣೆಯ ದರ ಎಂದರೆ 9.81 × ಒರಟುತನದ ವರ್ಗ × ವೇಗ ÷ ಆಳದ 4/3 ಘಾತ. ಆಳ 1 ಸೆಂ.ಮೀ., ವೇಗ 1 ಮೀ/ಸೆ, ಒರಟುತನ 0.05 ಹಾಕಿ ನೋಡಿ: ಸೆಕೆಂಡಿಗೆ 11.4 ಬರುತ್ತದೆ. 1.5 ಸೆಕೆಂಡಿನ ಹೆಜ್ಜೆಯಲ್ಲಿ ಅದು 17. ಎಕ್ಸ್‌ಪ್ಲಿಸಿಟ್ ಆಗಿ, ಅಂದರೆ ಹಳೆಯ ವೇಗದ ಮೇಲೇ ಲೆಕ್ಕ ಹಾಕಿ, ಕಳೆದರೆ 1 ಮೀ/ಸೆ ಇದ್ದದ್ದು ಮೈನಸ್ 16 ಆಗುತ್ತದೆ, ಮುಂದಿನ ಹೆಜ್ಜೆಯಲ್ಲಿ ಇನ್ನೂ ದೊಡ್ಡದಾಗಿ ತಿರುಗಿ ಬರುತ್ತದೆ. ಬ್ರೇಕ್ ಹಾಕಬೇಕಾದ ಪದವೇ ತಳ್ಳುವ ಪದವಾಯಿತು. ಅದನ್ನು ಸೆಮಿ-ಇಂಪ್ಲಿಸಿಟ್ ಮಾಡಿ: ಮೊದಲು ಘರ್ಷಣೆ ಇಲ್ಲದೆ ಹೊಸ ವೇಗ ತೆಗೆದು, ಅದನ್ನು (1 + ಹೆಜ್ಜೆ × ದರ) ಇಂದ ಭಾಗಿಸಿ. ಇದೇ ಉದಾಹರಣೆಯಲ್ಲಿ ವೇಗ 18ನೇ ಒಂದಕ್ಕೆ ಇಳಿಯುತ್ತದೆ, ದಿಕ್ಕು ಎಂದೂ ತಿರುಗುವುದಿಲ್ಲ. ಆಳ 1 ಮಿ.ಮೀ.ಗಿಂತ ಕಡಿಮೆ ಇದ್ದಲ್ಲಿ ವೇಗ ಸೊನ್ನೆ ಮಾಡಿ, ನೀರನ್ನು ಮಾತ್ರ ಅಲ್ಲೇ ಬಿಡಿ.

ಜೊತೆಗೆ ನಿಂತ ಕೆರೆಯ ಪರೀಕ್ಷೆ ಮಾಡಿ. ನಿಮ್ಮ ಡಿಇಎಂ ಮೇಲೇ ಒಂದು ಸಮ ಮಟ್ಟದವರೆಗೆ ನೀರು ತುಂಬಿ, ಒಳಹರಿವು ಹೊರಹರಿವು ಮುಚ್ಚಿ ಒಂದು ಗಂಟೆ ಓಡಿಸಿ. ನೀರು ಅಲ್ಲಾಡಬಾರದು. ಡಬಲ್ ಪ್ರಿಸಿಷನ್‌ನಲ್ಲಿ ವೇಗ 10ರ ಮೈನಸ್ 10ನೇ ಘಾತದ ಆಸುಪಾಸು ಇರಬೇಕು. ತಾನಾಗಿಯೇ ಸೆಂ.ಮೀ. ಲೆಕ್ಕದಲ್ಲಿ ಸುಳಿ ಎದ್ದರೆ, ಒತ್ತಡದ ಇಳಿಜಾರು ಮತ್ತು ತಳದ ಇಳಿಜಾರು ಒಂದಕ್ಕೊಂದು ಸರಿದೂಗುತ್ತಿಲ್ಲ ಎಂದರ್ಥ. ಸೆಲ್ ಅಂಚಿನಲ್ಲಿ ಎರಡು ಕಡೆಯ ತಳದಲ್ಲಿ ಎತ್ತರದ್ದನ್ನು ತೆಗೆದುಕೊಂಡು, ಅದರ ಮೇಲಿನ ಆಳವನ್ನಷ್ಟೇ ರೀಮನ್ ಪರಿಹಾರಕ್ಕೆ (ಅಂಚು ದಾಟುವ ಹರಿವಿನ ಲೆಕ್ಕಕ್ಕೆ) ಕೊಡುವ ಹೈಡ್ರೋಸ್ಟಾಟಿಕ್ ಪುನರ್ರಚನೆ ಇದಕ್ಕೆ ಮದ್ದು. ಮಲೆನಾಡಿನ ಏರುತಗ್ಗಿನ ನೆಲದಲ್ಲಿ ಈ ಪರೀಕ್ಷೆ ಪಾಸಾಗದ ಕೋಡ್ ನಂಬುವಂತಿಲ್ಲ.

ಕೊರಿಯೊಲಿಸ್: ಶಿವಮೊಗ್ಗದ ಅಕ್ಷಾಂಶ 13.9 ಡಿಗ್ರಿ, ಅಲ್ಲಿ ಕೊರಿಯೊಲಿಸ್ ಗುಣಾಂಕ ಸೆಕೆಂಡಿಗೆ 0.000035. 150 ಮೀಟರ್ ಅಗಲದ ಹೊಳೆ 1.9 ಮೀ/ಸೆ ವೇಗದಲ್ಲಿ ಹರಿದರೆ ಎಡ-ಬಲ ದಂಡೆಗಳ ನೀರಿನ ಮಟ್ಟದಲ್ಲಿ 1 ಮಿ.ಮೀ. ವ್ಯತ್ಯಾಸ. ಅದೇ ಹೊಳೆ 500 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೊರದಂಡೆಗೆ 11 ಸೆಂ.ಮೀ. ಏರುತ್ತದೆ. ಹೊಳೆಗೆ ಕೊರಿಯೊಲಿಸ್ ಬಿಡಿ. ಘಟ್ಟ ಹತ್ತುವ ಗಾಳಿಗೆ ಅದು ಬೇಕು.

ಗದ್ದೆಬಯಲು

ಉಳಿದ ಎರಡೂ ತೊಂದರೆ ಡಿಇಎಂನವು. ಗಣಿತ ಸರಿಯಾದ ಮೇಲೂ ಅವು ಹಾಗೇ ಇರುತ್ತವೆ.

ಕೋಪರ್ನಿಕಸ್ ಡಿಇಎಂ 2011ರಿಂದ 2015ರ ನಡುವಿನ ರಾಡಾರ್ ಅಳತೆ. ರಾಡಾರ್ ನೀರಿನ ಮೇಲ್ಮೈ ನೋಡುತ್ತದೆ, ತಳ ನೋಡುವುದಿಲ್ಲ. ನದಿಗಳನ್ನು ಆಮೇಲೆ ಚಪ್ಪಟೆ ಬೇರೆ ಮಾಡಿದ್ದಾರೆ. ಅಂದರೆ ನಿಮ್ಮ ಮಾದರಿಯಲ್ಲಿ ಹೊಳೆಯ ಪಾತ್ರವೇ ಇಲ್ಲ. ಆ ದಿನದ ನೀರಿನ ಮಟ್ಟವೇ ತಳ ಎಂದುಕೊಂಡು ನೀವು ಅದರ ಮೇಲೆ ಇನ್ನೊಂದು ಹೊಳೆ ಹರಿಸುತ್ತಿದ್ದೀರಿ. ನಗರ ಮುಳುಗದೆ ಏನು ಮಾಡುತ್ತದೆ?

ತಳವನ್ನು ಕೊರೆಯಬೇಕು. ಒಳ್ಳೆಯ ದಾರಿ ಎಂದರೆ ಬೇಸಿಗೆಯಲ್ಲಿ ದೋಣಿ ಮತ್ತು ಎಕೋಸೌಂಡರ್ ಇಟ್ಟು 300-500 ಮೀಟರಿಗೊಂದು ಅಡ್ಡಕೊಯ್ತ ತೆಗೆಯುವುದು. ಅದಾಗದಿದ್ದರೆ ಲೆಕ್ಕದಿಂದ ಅಂದಾಜಿಸಿ. ಅಗಲ 150 ಮೀ., ಇಳಿಜಾರು 0.0005, ಒರಟುತನ 0.035 ಎಂದಿಟ್ಟುಕೊಂಡರೆ, 5 ಮೀಟರ್ ಆಳದಲ್ಲಿ ಮ್ಯಾನಿಂಗ್ ಪ್ರಕಾರ ಸೆಕೆಂಡಿಗೆ ಸುಮಾರು 1,400 ಘನ ಮೀಟರ್, ಅಂದರೆ 49,500 ಕ್ಯೂಸೆಕ್ ಹರಿಯುತ್ತದೆ. ನಿಮ್ಮ ಜಾಗದ ನಿಜವಾದ ಅಗಲ, ಇಳಿಜಾರು ಹಾಕಿ, ದಂಡೆ ತುಂಬ ಹರಿಯುವ ಪ್ರಮಾಣಕ್ಕೆ ಹೊಂದುವಷ್ಟು ಆಳ ಕೊರೆಯಿರಿ. ಬಂಡೆ ಎದ್ದ ಜಾಗ, ಮಡು ಇರುವ ಜಾಗ ಬೇರೆ ಬೇರೆ ಇರುತ್ತವೆ. ಊರಿನ ಈಜುಗಾರರು, ಮೀನು ಹಿಡಿಯುವವರು ಮಡುಗಳನ್ನು ಸರಿಯಾಗಿ ತೋರಿಸುತ್ತಾರೆ.

ಇನ್ನು ತೋಟ. ಮಲೆನಾಡಿನಲ್ಲಿ ಅಡಿಕೆ ತೋಟ ಇರುವುದು ಕಣಿವೆಯ ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲಿ. ಕೋಪರ್ನಿಕಸ್ ಬಳಸಿದ ರಾಡಾರ್‌ನ ತರಂಗಾಂತರ 3 ಸೆಂ.ಮೀ. ಮಾತ್ರ, ಅದು ಅಡಿಕೆಯ ತಲೆಯಿಂದಲೇ ಹಿಂತಿರುಗುತ್ತದೆ. ಹಾಗಾಗಿ ಊರಿನ ಅತಿ ತಗ್ಗಿನ ಜಾಗ ಡಿಇಎಂನಲ್ಲಿ ಹತ್ತಾರು ಅಡಿ ಎತ್ತರದ ದಿಬ್ಬವಾಗಿ ಕೂತಿರುತ್ತದೆ. ನೀರು ತೋಟ ಬಿಟ್ಟು ಪಕ್ಕದ ಗದ್ದೆಗೂ ಬಡಾವಣೆಗೂ ನುಗ್ಗುತ್ತದೆ. ನಿಮ್ಮ ಎರಡನೇ ತೊಂದರೆಗೂ ಇದು ಅರ್ಧ ಕಾರಣ.

ಸೇತುವೆಗಳನ್ನೂ ನೋಡಿ. ಡಿಇಎಂನಲ್ಲಿ ಸೇತುವೆಯ ಮೇಲ್ಭಾಗ ಹೊಳೆಗೆ ಅಡ್ಡ ಕಟ್ಟೆಯಾಗಿ ಉಳಿದಿರಬಹುದು. ನಗರದೊಳಗಿನ ತುಂಗಾ ನಾಲೆಯ ಏರಿ ಇದಕ್ಕೆ ವಿರುದ್ಧ, 30 ಮೀಟರ್ ಸೆಲ್‌ನಲ್ಲಿ ಕರಗಿ ಕಾಣೆಯಾಗಿರುತ್ತದೆ. ಒಂದನ್ನು ಕಡಿಯಬೇಕು, ಇನ್ನೊಂದನ್ನು ಸೆಲ್ ಅಂಚಿನ ಎತ್ತರವಾಗಿ ಕೈಯಾರೆ ಕೂರಿಸಬೇಕು.

ಹೊಳೆಬದಿ

ಘರ್ಷಣೆ ಸೆಮಿ-ಇಂಪ್ಲಿಸಿಟ್ ಮಾಡಿದೆ, ಸಿಡಿಯುವುದು ನಿಂತಿತು. ನಿಂತ ಕೆರೆಯ ಪರೀಕ್ಷೆಯೂ ಪಾಸ್. ಅಂತರಕಲನ ಅವರಿಗೆ ಧನ್ಯವಾದ.

ತೋಟ ಇರುವ ಕಡೆಯಲ್ಲೆಲ್ಲ 12 ಮೀಟರ್ ಕಳೆದರೆ ಆಗುತ್ತದೆಯೇ? ತೋಟದೊಳಗೆ ಒರಟುತನ ಎಷ್ಟಿಡಲಿ? ಪುಸ್ತಕಗಳಲ್ಲಿ ದಟ್ಟ ಮರಗಳಿಗೆ 0.10ರಿಂದ 0.15 ಅಂತಿದೆ.

ಗದ್ದೆಬಯಲು

ಒಂದೇ ಸಂಖ್ಯೆ ಕಳೆಯಬೇಡಿ. ಎಳೆ ತೋಟ, ಹಳೆ ತೋಟದ ಎತ್ತರ ಬೇರೆ, ಮರ ಹೋಗಿ ಖಾಲಿಯಾದ ಜಾಗ ಬೇರೆ. ಮರ, ಕಟ್ಟಡ ತೆಗೆದು ಕೊಟ್ಟಿರುವ ಫ್ಯಾಬ್‌ಡಿಇಎಂನಿಂದ ಶುರು ಮಾಡಿ. ವಾಣಿಜ್ಯ ಬಳಕೆಗೆ ಅದಕ್ಕೆ ಬೇರೆ ಪರವಾನಗಿ ಬೇಕು. ಆಮೇಲೆ 2018ರಲ್ಲಿ ಹಾರಿಸಿದ ಐಸ್‌ಸ್ಯಾಟ್-2 ಉಪಗ್ರಹದ ಲೇಸರ್ ಸಾಲುಗಳು ನಿಮ್ಮ ಜಾಗದ ಮೇಲೆ ಎಲ್ಲಿ ಹಾದಿವೆ ನೋಡಿ. ಎಲೆಗಳ ಸಂದಿಯಿಂದ ನೆಲ ಮುಟ್ಟಿ ಬಂದ ಬೆಳಕಿನಿಂದ ನೆಲದ ಎತ್ತರವನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಆ ಸಾಲುಗಳಲ್ಲಿ ಫ್ಯಾಬ್‌ಡಿಇಎಂ ಎಷ್ಟು ತಪ್ಪಿದೆ ಎಂದು ನೋಡಿ ತಿದ್ದಬಹುದು.

ಎತ್ತರ ಹೋಲಿಸುವಾಗ ಆಧಾರ ಮಟ್ಟದ ಬಗ್ಗೆ ಎಚ್ಚರ. ಜಿಪಿಎಸ್ ಕೊಡುವುದು ದೀರ್ಘವೃತ್ತಜದ (ಭೂಮಿಯ ನುಣುಪಾದ ಗಣಿತದ ಆಕಾರದ) ಮೇಲಿನ ಎತ್ತರ. ನಮ್ಮ ಭಾಗದಲ್ಲಿ ಸಮುದ್ರ ಮಟ್ಟದ ಲೆಕ್ಕಕ್ಕಿಂತ ಅದು 80 ಮೀಟರಿಗೂ ಜಾಸ್ತಿ ಕೆಳಗೆ ಬರುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಜಿಯಾಯ್ಡ್‌ಗಳ (ಸಮುದ್ರ ಮಟ್ಟಕ್ಕೆ ಹಿಡಿಯುವ ಮೇಲ್ಮೈಗಳ) ನಡುವಿನ ಸಣ್ಣ ವ್ಯತ್ಯಾಸ: ಎಸ್‌ಆರ್‌ಟಿಎಂ ಎಂಬ ಹಳೆಯ ಡಿಇಎಂ ಬಳಸುವುದು 1996ರ ಜಿಯಾಯ್ಡ್, ಕೋಪರ್ನಿಕಸ್ ಬಳಸುವುದು 2008ರದು. ಗಜನೂರಿನ ಪೂರ್ಣ ಮಟ್ಟ 588.24 ಮೀಟರ್ ಎಂಬುದು ಭಾರತದ ಸರ್ವೆ ಆಧಾರದ ಮೇಲೆ. ಮೂರನ್ನೂ ಒಂದೇ ಕಡೆ ಬೆರೆಸುವ ಮೊದಲು ಒಂದು ಬೆಂಚ್‌ಮಾರ್ಕ್ (ಎತ್ತರ ಗೊತ್ತಿರುವ ಗುರುತು) ಮೇಲೆ ಹೊಂದಿಸಿ.

ಬಸಿಗಾಲುವೆ

ತೋಟದ ಒರಟುತನ ಪುಸ್ತಕದಿಂದ ತೆಗೆಯುವ ಬದಲು ಮರ ಎಣಿಸಿ ಲೆಕ್ಕ ಹಾಕಬಹುದು. ಅಡಿಕೆಯ ಅನುಕೂಲ ಅದು, ಕಾಡಿನ ಹಾಗಲ್ಲ, ಅಳತೆ ಹಿಡಿದು ನೆಟ್ಟಿರುತ್ತಾರೆ.

ಅಂತರ 9 ಅಡಿ × 9 ಅಡಿ, ಅಂದರೆ 2.7 ಮೀಟರ್. ಒಂದು ಮರಕ್ಕೆ 7.3 ಚದರ ಮೀಟರ್. ಕಾಂಡದ ದಪ್ಪ 15 ಸೆಂ.ಮೀ., ಎಳೆತದ ಗುಣಾಂಕ (ಕಾಂಡದ ಆಕಾರ ನೀರನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ) 1 ಎಂದಿಟ್ಟುಕೊಳ್ಳಿ. ಕಾಂಡಗಳು ನೀರನ್ನು ತಡೆಯುವ ಬಲವನ್ನು ಮ್ಯಾನಿಂಗ್ ಘರ್ಷಣೆಗೆ ಸಮ ಮಾಡಿದರೆ, ಕಾಂಡಗಳ ಒರಟುತನ = 0.032 × ಆಳದ 2/3 ಘಾತ. 1 ಮೀಟರ್ ಆಳಕ್ಕೆ 0.032, 2 ಮೀಟರಿಗೆ 0.051, 3 ಮೀಟರಿಗೆ 0.067. ಅದಕ್ಕೆ ನೆಲದ್ದನ್ನು, ಅಂದರೆ ಸೊಪ್ಪು, ಹಾಳೆ, ಕಳೆ ಇರುವ ನೆಲಕ್ಕೆ 0.04 ಅಂತಿಟ್ಟು, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ. 1 ಮೀಟರಿನಲ್ಲಿ 0.051, 3 ಮೀಟರಿನಲ್ಲಿ 0.078.

ಗಮನಿಸಿ, ಗದ್ದೆಯಲ್ಲಿ ಆಳ ಹೆಚ್ಚಿದಂತೆ ತಡೆಯ ಪ್ರಭಾವ ಇಳಿಯುತ್ತದೆ. ತೋಟದಲ್ಲಿ ಆಳ ಹೆಚ್ಚಿದಂತೆ ಒರಟುತನವೇ ಏರುತ್ತದೆ, ಯಾಕೆಂದರೆ ಕಾಂಡ ಮೇಲಿನವರೆಗೂ ಇದೆ. ಒಂದೇ ಸ್ಥಿರ ಸಂಖ್ಯೆ ಕೊಟ್ಟರೆ ಸಣ್ಣ ನೆರೆಗೋ ದೊಡ್ಡ ನೆರೆಗೋ, ಎರಡರಲ್ಲಿ ಒಂದಕ್ಕೆ ತಪ್ಪಾಗುತ್ತದೆ.

ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಕಾಂಡದ ದಪ್ಪ 15 ಅಲ್ಲ, 40 ಸೆಂ.ಮೀ. ಆಗ 2 ಮೀಟರ್ ಆಳಕ್ಕೆ ಕಾಂಡದ ಪಾಲೇ 0.084. ನಡುವೆ ಬಾಳೆ, ಏಲಕ್ಕಿ ಇದ್ದರೆ ಇನ್ನೂ ಹೆಚ್ಚು. ಮೆಣಸಿನ ತೋಟ, ಬರೀ ಅಡಿಕೆ ತೋಟವನ್ನು ನಕ್ಷೆಯಲ್ಲಿ ಬೇರೆ ಮಾಡುವುದು ಸಾರ್ಥಕ ಕೆಲಸ. ಇನ್ನೊಂದು, ಸಾಲುಗಳ ನಡುವಿನ ಬಸಿಗಾಲುವೆಗಳು 30 ಮೀಟರ್ ಸೆಲ್‌ನಲ್ಲಿ ಕಾಣುವುದಿಲ್ಲ, ಆದರೆ ನೀರು ತೋಟದೊಳಗೆ ಮೊದಲು ಬರುವುದೂ ಕೊನೆಗೆ ಇಳಿಯುವುದೂ ಅವುಗಳಿಂದಲೇ. ನೆರೆಯ ಉತ್ತುಂಗಕ್ಕೆ ಅವುಗಳಿಂದ ವ್ಯತ್ಯಾಸ ಕಡಿಮೆ. ಎಷ್ಟು ದಿನ ನೀರು ನಿಂತಿತು ಎಂಬುದಕ್ಕೆ ಬಹಳ ವ್ಯತ್ಯಾಸವಾಗುತ್ತದೆ, ಬೇರುಕೊಳೆಯ ಲೆಕ್ಕ ಹಾಕುವವರಿಗೆ ಅದೇ ಮುಖ್ಯ.

ಸಂಗಮ

ಯಾರೂ ಕೆಳತುದಿಯ ಬಗ್ಗೆ ಹೇಳಲಿಲ್ಲ. ಕೂಡ್ಲಿಯಲ್ಲಿ ಸ್ಥಿರ ಮಟ್ಟ ಇಡುವುದು ಈ ಮಾದರಿಯ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ಅಲ್ಲಿ ಭದ್ರೆ ಬಂದು ಸೇರುತ್ತಾಳೆ. ಭದ್ರೆ ತುಂಬಿ ಬಂದರೆ ತುಂಗೆಯ ನೀರು ಹಿಂದಕ್ಕೆ ಒತ್ತುತ್ತದೆ. ಹಿನ್ನೀರು ತಲುಪುವ ದೂರ ಸ್ಥೂಲವಾಗಿ ಆಳ ÷ ಇಳಿಜಾರು. ಗದ್ದೆಬಯಲು ಅವರ ಇಳಿಜಾರೇ ತೆಗೆದುಕೊಂಡರೆ 5 ಮೀಟರ್ ಆಳಕ್ಕೆ 10 ಕಿ.ಮೀ., 8 ಮೀಟರಿಗೆ 16 ಕಿ.ಮೀ. ಅಂದರೆ ದೊಡ್ಡ ನೆರೆಯಲ್ಲಿ ಅದು ನಗರದ ಹತ್ತಿರಕ್ಕೂ ಮುಟ್ಟಬಹುದು.

ಗಡಿಯನ್ನು ಕೂಡ್ಲಿಯಿಂದ ಇನ್ನೂ 15 ಕಿ.ಮೀ. ಕೆಳಗೆ ಒಯ್ಯಿರಿ. ಅಲ್ಲಿ ಸಮ ಹರಿವಿನ ಇಳಿಜಾರು (ನೀರಿನ ಮೇಲ್ಮೈ ತಳಕ್ಕೆ ಸಮಾಂತರ ಇರುವಂತೆ) ಕೊಡಿ. ಭದ್ರೆಯನ್ನು ಎರಡನೇ ಒಳಹರಿವಾಗಿ ಭದ್ರಾವತಿ ಕಡೆಯಿಂದ ತನ್ನಿ. ಎರಡು ನದಿಗಳ ನಡೆ ಒಂದೇ ತರ ಇಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿ ಹಿಡಿಯುತ್ತದೆ, ಪೂರ್ಣ ಮಟ್ಟವಾದ 186 ಅಡಿ ಹತ್ತಿರ ಬರುವವರೆಗೂ ನೆರೆಯನ್ನು ನುಂಗಿಕೊಳ್ಳುತ್ತದೆ. ಗಜನೂರು 3.24 ಟಿಎಂಸಿ ಮಾತ್ರ. ಒಂದು ಲಕ್ಷ ಕ್ಯೂಸೆಕ್ ಒಳಹರಿವು 2 ಗಂಟೆ 47 ನಿಮಿಷಕ್ಕೆ 1 ಟಿಎಂಸಿ ತರುತ್ತದೆ, ಖಾಲಿ ಗಜನೂರು 9 ಗಂಟೆಯಲ್ಲಿ ತುಂಬುತ್ತದೆ. ಮಳೆಗಾಲದಲ್ಲಿ ಅದು ಖಾಲಿ ಇರುವುದೇ ಇಲ್ಲ. ಆದ್ದರಿಂದ ತುಂಗೆಯ ಉತ್ತುಂಗ ಮಳೆ ಬಿದ್ದ ಹಿಂದೆಯೇ ಬರುತ್ತದೆ, ಭದ್ರೆಯದು ಗೇಟ್ ತೆಗೆದಾಗ. ಎರಡೂ ಒಟ್ಟಿಗೆ ಬಂದ ಪಕ್ಷವನ್ನೂ, 24 ಗಂಟೆ ಅಂತರದಲ್ಲಿ ಬಂದ ಪಕ್ಷವನ್ನೂ ಬೇರೆ ಬೇರೆ ಓಡಿಸಿ.

ಮೇಲ್ತುದಿಯಲ್ಲೂ ಒಂದು ಮಾತು. ದಿನಕ್ಕೊಂದು ಅಂಕಿಯನ್ನು ಮೆಟ್ಟಿಲಿನ ಹಾಗೆ ಕೊಡಬೇಡಿ. ಗಜನೂರಿನ 22 ಗೇಟುಗಳನ್ನು ಹಂತ ಹಂತವಾಗಿ ಎತ್ತುತ್ತಾರೆ. ಒಂದೇ ಕ್ಷಣದಲ್ಲಿ 20 ಸಾವಿರದಿಂದ 60 ಸಾವಿರ ಕ್ಯೂಸೆಕ್‌ಗೆ ಜಿಗಿಸಿದರೆ ಮಾದರಿಯಲ್ಲಿ ಅಣೆಕಟ್ಟು ಒಡೆದಂಥ ಅಲೆ ಏಳುತ್ತದೆ. ಗಂಟೆವಾರು ಅಂಕಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಏರಿಕೆಯನ್ನು ಒಂದು ಗಂಟೆಗೆ ಹಂಚಿ. ಪ್ರಕಟವಾಗುವ ಹೊರಹರಿವಿನಲ್ಲಿ ನಾಲೆಗಳಿಗೆ ಬಿಟ್ಟದ್ದು ಸೇರಿದೆಯೋ, ನದಿಗೆ ಮಾತ್ರವೋ ಅಂತಲೂ ನೋಡಿ.

ಹೊಳೆಬದಿ

ಸಂಗಮ ಅವರೇ, ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಗಡಿ ಕೆಳಗೆ ಒಯ್ಯುತ್ತೇನೆ.

ಗಜನೂರಿನ ಹೊರಹರಿವಿಗೆ ಕಾಯದೆ, ಮಳೆ ಮುನ್ಸೂಚನೆಯಿಂದಲೇ ಒಳಹರಿವು ತೆಗೆದು ಒಂದು ದಿನ ಮೊದಲೇ ಹೇಳಲು ಸಾಧ್ಯವೇ? ಗಜನೂರಿನಿಂದ ನಗರಕ್ಕೆ ಅಲೆ ಬರಲು ಒಂದು ಗಂಟೆ ಸ್ವಲ್ಪ ಮೇಲೆ ಅಷ್ಟೇ ಸಿಗುತ್ತದೆ (ಗದ್ದೆಬಯಲು ಅವರ 5 ಮೀಟರ್ ಆಳದ ಲೆಕ್ಕದಲ್ಲಿ ಹರಿವಿನ ವೇಗ 1.87, ನೆರೆಯ ಅಲೆಗೆ ಅದರ 5/3 ಪಟ್ಟು 3.1 ಮೀ/ಸೆ, ದೂರ 12 ಕಿ.ಮೀ. ಹಿಡಿದು).

ಘಟ್ಟದಮಳೆ

ಸಾಧ್ಯ. ಆದರೆ ಇಲ್ಲಿ ಮಳೆಯ ಜಾಗ ತಪ್ಪುವುದು ಪ್ರಮಾಣ ತಪ್ಪುವುದಕ್ಕಿಂತ ಅಪಾಯ.

ಆಗುಂಬೆಯ ಅಂಚು ನೋಡಿ. ಸೋಮೇಶ್ವರದಿಂದ ಮೇಲೆ ನಾಲ್ಕೈದು ಕಿ.ಮೀ. ಅಡ್ಡದೂರದಲ್ಲಿ 500 ಮೀಟರಿಗೂ ಹೆಚ್ಚು ಏರು. ಅರಬ್ಬಿ ಸಮುದ್ರದ ಗಾಳಿ ಅಲ್ಲಿ ಏರಿ ಮಳೆ ಸುರಿಸುತ್ತದೆ. ಮೋಡದಲ್ಲಿ 3 ಕಿ.ಮೀ. ಎತ್ತರದಲ್ಲಿ ಹುಟ್ಟಿದ ಹನಿ ಸೆಕೆಂಡಿಗೆ 5 ಮೀಟರ್ ಬಿದ್ದರೆ ನೆಲ ಮುಟ್ಟಲು 10 ನಿಮಿಷ. ಅಷ್ಟರಲ್ಲಿ 15 ಮೀ/ಸೆ ಗಾಳಿ ಅದನ್ನು 9 ಕಿ.ಮೀ. ಪೂರ್ವಕ್ಕೆ ಒಯ್ದಿರುತ್ತದೆ. ಆ 9 ಕಿ.ಮೀ. ಒಳಗೇ ನೀರಿನ ಪಾಲಾಗುವ ಗೆರೆ ಇದೆ. ಗೆರೆಯ ಪಶ್ಚಿಮಕ್ಕೆ ಬಿದ್ದ ಹನಿ ಸೀತಾನದಿ ಸೇರಿ ಅರಬ್ಬಿ ಸಮುದ್ರಕ್ಕೆ, ಪೂರ್ವಕ್ಕೆ ಬಿದ್ದದ್ದು ಮಾಲತಿಯಿಂದ ತುಂಗೆಗೆ, ಅಲ್ಲಿಂದ ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ಒಟ್ಟು ಮಳೆ ಸರಿ ಇದ್ದು ಜಾಗ ಒಂದು ಸೆಲ್ ಆಚೀಚೆಯಾದರೂ ನಿಮ್ಮ ಗಜನೂರಿನ ಲೆಕ್ಕ ಕೆಟ್ಟಿತು.

ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿ ಓಡಿಸುವುದಾದರೆ 9 ಕಿ.ಮೀ. ಒಳಗೆ 3, ಅದರೊಳಗೆ 1 ಕಿ.ಮೀ. ಗ್ರಿಡ್ ಇಡಿ. ಮಾದರಿ ನಿಜವಾಗಿ ಬಿಡಿಸಿ ತೋರಿಸುವುದು ಸೆಲ್ ಅಗಲದ ಆರೇಳು ಪಟ್ಟಿನ ಆಕಾರವನ್ನು ಮಾತ್ರ. 3 ಕಿ.ಮೀ. ಗ್ರಿಡ್ 20 ಕಿ.ಮೀ. ಬೆಟ್ಟ ನೋಡುತ್ತದೆ, ಆಗುಂಬೆಯ ಅಂಚನ್ನು ನೋಡುವುದಿಲ್ಲ. 3 ಮತ್ತು 1ರಲ್ಲಿ ಕ್ಯುಮುಲಸ್ ಸ್ಕೀಮ್ (ಸೆಲ್‌ಗಿಂತ ಸಣ್ಣ ಮೋಡಗಳ ಮಳೆಯನ್ನು ಅಂದಾಜಿಸುವ ಭಾಗ) ಆಫ್ ಮಾಡಿ. ಟೈಮ್‌ಸ್ಟೆಪ್‌ಗೆ ಕಿ.ಮೀ.ನ 6 ಪಟ್ಟು ಸೆಕೆಂಡ್ ಎಂಬ ನಿಯಮ ಘಟ್ಟದ ಮೇಲೆ ನಡೆಯುವುದಿಲ್ಲ, 4 ಪಟ್ಟಿಗೆ ಇಳಿಸಿ. ಆದರೂ ಲಂಬ ವೇಗದ ಸಿಎಫ್‌ಎಲ್ ತಪ್ಪು ಬಂದರೆ ಶಬ್ದತರಂಗಗಳನ್ನು ತಗ್ಗಿಸುವ ಎಪ್ಸ್‌ಎಸ್‌ಎಂ ಅಂಕಿಯನ್ನು 0.1ರಿಂದ 0.5ಕ್ಕೆ ಏರಿಸಿ, ಮೇಲಿನ 5 ಕಿ.ಮೀ.ನಲ್ಲಿ ಡ್ಯಾಂಪಿಂಗ್ ಪದರ ಹಾಕಿ. ಬೆಟ್ಟವನ್ನು ನುಣುಪು ಮಾಡುವುದು ಕೊನೆಯ ಉಪಾಯವಾಗಿರಲಿ. ನುಣುಪು ಮಾಡಿದಷ್ಟೂ ಮಳೆಯ ಉತ್ತುಂಗ ಇಳಿಯುತ್ತದೆ, ಜಾಗವೂ ಸರಿಯಬಹುದು. ಮೊದಲ 6ರಿಂದ 12 ಗಂಟೆಯ ಮಳೆಯನ್ನು ಬಳಸಬೇಡಿ, ಮಾದರಿ ಇನ್ನೂ ಕುದುರಿಕೊಳ್ಳುತ್ತಿರುತ್ತದೆ.

ಒಂದೇ ಓಟದ ಮಳೆಯನ್ನು ಹೊಳೆಯ ಮಾದರಿಗೆ ಸುರಿಯಬೇಡಿ. ಅದೇ ಮಳೆಯನ್ನು ನಾಲ್ಕು ದಿಕ್ಕಿಗೂ 5 ಮತ್ತು 10 ಕಿ.ಮೀ. ಸರಿಸಿ ಎಂಟು ಓಟ ಹೆಚ್ಚು ಮಾಡಿ. ಅಗ್ಗದ ಕೆಲಸ, ಅನಿಶ್ಚಿತತೆ ಎಷ್ಟೆಂದು ಕೂಡಲೇ ಗೊತ್ತಾಗುತ್ತದೆ.

ಪ್ರಮಾಣದ ಅಂದಾಜಿಗೆ: 1,000 ಚದರ ಕಿ.ಮೀ. ಮೇಲೆ 100 ಮಿ.ಮೀ. ಬಿದ್ದರೆ 3.53 ಟಿಎಂಸಿ, ಇಡೀ ಗಜನೂರಿಗಿಂತ ಹೆಚ್ಚು. ಅದರಲ್ಲಿ ಎಷ್ಟು ಹೊಳೆಗೆ ಬರುತ್ತದೆ ಎನ್ನುವುದು ನಕ್ಷತ್ರದ ಮೇಲೆ ಹೋಗುತ್ತದೆ. ಕರ್ವ್ ನಂಬರ್ ವಿಧಾನದಲ್ಲಿ (ನೆಲ ಎಷ್ಟು ಮಳೆಯನ್ನು ಹರಿಯಬಿಡುತ್ತದೆ ಎಂಬುದಕ್ಕೆ ಒಂದು ಅಂಕಿ ಕೊಡುವ ವಿಧಾನ) ಆರಿದ್ರಾ ಮಳೆಯ ಒಣ ನೆಲಕ್ಕೆ 70 ಹಿಡಿದರೆ 100 ಮಿ.ಮೀ.ನಲ್ಲಿ 33 ಮಿ.ಮೀ. ಹರಿಯುತ್ತದೆ. ಆಶ್ಲೇಷದಲ್ಲಿ, ನೆಲ ಕುಡಿದು ಸಾಕಾದ ಮೇಲೆ, 88 ಹಿಡಿದರೆ 68 ಮಿ.ಮೀ. ಅದೇ ಮಳೆ, ಎರಡು ಪಟ್ಟು ನೆರೆ. 2019ರ ಆಗಸ್ಟ್‌ನ ನೆರೆಯನ್ನು ಮತ್ತೆ ಓಡಿಸಿ ನೋಡುವುದಾದರೆ ಕನಿಷ್ಠ ಒಂದು ತಿಂಗಳು ಹಿಂದಿನ ಮಳೆಯಿಂದ ನೆಲದ ತೇವವನ್ನು ಕಟ್ಟಿಕೊಂಡು ಬನ್ನಿ.

ಅಂತರಕಲನ

ಘಟ್ಟದಮಳೆ ಅವರ ಮಾತಿಗೆ ಒಂದು ಸಣ್ಣ ಭಿನ್ನಾಭಿಪ್ರಾಯ. ಮಳೆ ಮಾದರಿ ಸರಿಯಾಗುವವರೆಗೆ ಕಾಯಬೇಕಿಲ್ಲ. ಶೃಂಗೇರಿ, ತೀರ್ಥಹಳ್ಳಿಯ ನೀರಿನ ಮಟ್ಟ ಸಿಕ್ಕರೆ ಕೆಲವು ಗಂಟೆಗಳ ಮುನ್ಸೂಚನೆ ಈಗಲೇ ಸಿಗುತ್ತದೆ, ಮಳೆಯ ತಪ್ಪು ಅದರಲ್ಲಿ ಸೇರುವುದೇ ಇಲ್ಲ. ಒಂದು ದಿನದ ಮುನ್ಸೂಚನೆಗೆ ಮಳೆ ಮಾದರಿ, ಆರು ಗಂಟೆಯೊಳಗಿನದ್ದಕ್ಕೆ ಮೇಲಿನ ಹೊಳೆಯ ಮಟ್ಟ. ಎರಡನ್ನೂ ಇಟ್ಟುಕೊಳ್ಳಿ.

ಹೊಳೆಬದಿ

ತಳ ಕೊರೆದು, ತೋಟ ಇಳಿಸಿ ಓಡಿಸಿದೆ. ನಗರ ಮುಳುಗುವುದು ನಿಂತಿದೆ, ತೋಟಕ್ಕೆ ಮೊದಲು ನೀರು ಬರುತ್ತಿದೆ. ಆದರೆ ಒಳಗೆ ಬಂದ ನೀರಿಗಿಂತ ಒಟ್ಟು ನೀರು 3 ಶೇಕಡಾ ಹೆಚ್ಚಿದೆ. ಯಾಕೆ?

ಅಂತರಕಲನ

ಆಳ ಮೈನಸ್ ಆದ ಸೆಲ್‌ಗಳನ್ನು ಸೊನ್ನೆಗೆ ಏರಿಸುತ್ತಿದ್ದೀರಾ? ಪ್ರತಿ ಸಲವೂ ಇಲ್ಲದ ನೀರು ಹುಟ್ಟುತ್ತದೆ. ನೆರೆಯ ಅಂಚು ಉದ್ದವಾದಷ್ಟೂ ಹೆಚ್ಚು ಹುಟ್ಟುತ್ತದೆ. ಸೊನ್ನೆ ಮಾಡುವ ಬದಲು, ಒಂದು ಸೆಲ್‌ನಿಂದ ಆ ಹೆಜ್ಜೆಯಲ್ಲಿ ಹೊರಹೋಗುವ ಒಟ್ಟು ನೀರು ಅದರಲ್ಲಿರುವುದಕ್ಕಿಂತ ಹೆಚ್ಚಾದರೆ ಹೊರಹರಿವುಗಳನ್ನೆಲ್ಲ ಒಂದೇ ಅನುಪಾತದಲ್ಲಿ ತಗ್ಗಿಸಿ. ತಗ್ಗಿಸಿದ ಹರಿವನ್ನೇ ಪಕ್ಕದ ಸೆಲ್‌ಗೂ ಕೊಡಿ. ಆಮೇಲೆ ವ್ಯತ್ಯಾಸ ಶೇಕಡಾ 0.01ಕ್ಕಿಂತ ಕೆಳಗಿರಬೇಕು.

ಗದ್ದೆಬಯಲು

ಈಗ ಒರಟುತನ ಹೊಂದಿಸುವ ಹಂತ. 0.035 ಬದಲು 0.045 ಮಾಡಿದರೆ ಅದೇ ಹರಿವಿಗೆ ಆಳ 5ರಿಂದ 5.8 ಮೀಟರಿಗೆ ಏರುತ್ತದೆ. ತಳವನ್ನು 80 ಸೆಂ.ಮೀ. ತಪ್ಪಾಗಿ ಕೊರೆದರೂ ಅದೇ ಪರಿಣಾಮ. ಒಂದರ ತಪ್ಪನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಒಂದೇ ನೆರೆಗೆ ಹೊಂದಿಸಬೇಡಿ. ದಂಡೆಯೊಳಗಿನ ಹರಿವಿಗೆ ಹೊಳೆಯ ಒರಟುತನ, ದಂಡೆ ಮೀರಿದ ಹರಿವಿಗೆ ತೋಟದ್ದು, ಮೂರನೆಯ ನೆರೆಯನ್ನು ಮುಟ್ಟದೆ ಪರೀಕ್ಷೆಗೆ ಇಡಿ. ಮಟ್ಟದ ಜೊತೆ ಅಲೆ ಬಂದ ಸಮಯವನ್ನೂ ಹೋಲಿಸಿ. ತಳದ ತಪ್ಪು, ಒರಟುತನದ ತಪ್ಪು ಬೇರೆಯಾಗುವುದು ಅಲ್ಲೇ.

ಗುರುತುಗಳಿಗೆ ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಇದೆ. ಮಂಟಪ ಮುಳುಗಿತು ಎಂದು ಊರೇ ಮಾತಾಡುವ ಕಾರಣ ದಿನ, ಗಂಟೆ ಸಿಗುತ್ತದೆ. ಅದರ ತಳ, ಕಂಬದ ತಲೆ, ಚಾವಣಿ ಮೂರರ ಮಟ್ಟವನ್ನೂ ಆಟೋ ಲೆವೆಲ್‌ನಿಂದ ಬೆಂಚ್‌ಮಾರ್ಕ್‌ಗೆ ಕಟ್ಟಿಕೊಳ್ಳಿ. ಹರಿವಿಗೆ ಎದುರಾದ ಗೋಡೆಯಲ್ಲಿ ಕೆಸರಿನ ಗುರುತು ಸ್ವಲ್ಪ ಮೇಲಿರುತ್ತದೆ, ಪಕ್ಕದ ಗೋಡೆಯದನ್ನು ತೆಗೆದುಕೊಳ್ಳಿ.

ನೆರೆ ಹರಡಿದ ಜಾಗಕ್ಕೆ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರ ಮೋಡದಲ್ಲೂ ಸಿಗುತ್ತದೆ, ಗದ್ದೆಯ ಮೇಲಿನ ನೀರು ಕಪ್ಪಾಗಿ ಚೆನ್ನಾಗಿ ಕಾಣುತ್ತದೆ. ಅಡಿಕೆಯ ಅಡಿಯ ನೀರು ಕಾಣುವುದಿಲ್ಲ. ಅಲ್ಲಿ ಮಾದರಿ ನೀರು ತೋರಿಸಿ ಚಿತ್ರ ತೋರಿಸದಿದ್ದರೆ ಮಾದರಿ ತಪ್ಪು ಎಂದುಕೊಂಡು ಒರಟುತನ ಬದಲಿಸಬೇಡಿ. ತೋಟಕ್ಕೆ 2025ರ ಜುಲೈನಲ್ಲಿ ಹಾರಿದ ನಿಸಾರ್ ಉಪಗ್ರಹದ 24 ಸೆಂ.ಮೀ. ತರಂಗದ ಚಿತ್ರ ಹುಡುಕಿ. ಅದು ತಲೆಗಳನ್ನು ದಾಟಿ ಒಳಹೋಗುತ್ತದೆ. ಕೆಳಗೆ ನೀರಿದ್ದರೆ ನೀರಿಗೂ ಕಾಂಡಕ್ಕೂ ಬಡಿದು ಹಿಂತಿರುಗುವುದರಿಂದ ತೋಟ ಕಪ್ಪಾಗುವ ಬದಲು ಬೆಳ್ಳಗೆ ಹೊಳೆಯುತ್ತದೆ.

ಬಸಿಗಾಲುವೆ

ಕೊನೆಗೆ ರಾಜಕಾಲುವೆಗಳ ಬಾಯಿ ಮರೆಯಬೇಡಿ. ತಗ್ಗಿನ ಬಡಾವಣೆಗಳಿಗೆ ಎಷ್ಟೋ ಸಲ ಹೊಳೆ ದಂಡೆ ಮೀರಿ ಬರುವುದಿಲ್ಲ, ಕಾಲುವೆಯೊಳಗಿಂದ ಹಿಂದಕ್ಕೆ ಬರುತ್ತದೆ. ಕಾಲುವೆಯ ಬಾಯಿಯ ತಳ ಎಷ್ಟು ಮೀಟರಿನಲ್ಲಿದೆ ಎಂದು ಅಳೆದು, ಆ ಸೆಲ್‌ನಿಂದ ಬಡಾವಣೆಯ ಸೆಲ್‌ಗೆ ಒಂದು ಕೊಳವೆಯ ಸಂಪರ್ಕ ಕೊಡಿ, ಎರಡೂ ದಿಕ್ಕಿಗೆ ಹರಿಯುವಂತೆ. ಪ್ರತಿ ಬಾಯಿಗೂ ಬೇಕಾದ್ದು ಅಗಲ, ಎತ್ತರ, ತಳದ ಮಟ್ಟ ಮೂರೇ ಅಂಕಿ. ಬೇಸಿಗೆಯಲ್ಲಿ ದಂಡೆಯುದ್ದಕ್ಕೂ ನಡೆದು ಅಳೆದುಕೊಳ್ಳಬಹುದು.